ಕೈಗುಳಿದ ಆದಾಯ

‘ಶ್ರೀಮಂತ ದೇಶ’ ಎಂಬ ಮಾತನ್ನು ಅವರು ತರಗತಿಯೊಳಗೆ ಬಿಡುತ್ತಿರಲಿಲ್ಲ. ಯಾರಾದರೂ ವಿದ್ಯಾರ್ಥಿ ಬಾಯಿತಪ್ಪಿ ‘ಲಕ್ಸೆಂಬರ್ಗ್ ಯುರೋಪಿನಲ್ಲೇ ಶ್ರೀಮಂತ ದೇಶ’ ಎಂದರೆ ಬರೆಯುತ್ತಿದ್ದ ಮಾರ್ಕರ್ ಪೆನ್ನಿಗೆ ಮುಚ್ಚಳ ಹಾಕಿ, ಅದನ್ನು ಅಂಗಿಯ ಜೇಬಿಗೆ ಸಿಕ್ಕಿಸಿ, ಮೇಜಿನ ಅಂಚಿಗೆ ಒರಗಿ ನಿಲ್ಲುತ್ತಿದ್ದರು. ಮುಚ್ಚಳ ಬಿತ್ತೆಂದರೆ ಪಾಠ ನಿಂತಿತು, ಇನ್ನು ಮಾತು ಶುರು ಎಂದು ನಮಗೆ ಗೊತ್ತಾಗುತ್ತಿತ್ತು.

“ಬೆಳಿಗ್ಗೆ ಫ್ರಾನ್ಸಿನಿಂದ, ಬೆಲ್ಜಿಯಮ್ಮಿನಿಂದ, ಜರ್ಮನಿಯಿಂದ ಜನ ರೈಲು ಹತ್ತಿ ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಸಂಜೆ ಸಂಬಳದ ಸಮೇತ ಮನೆಗೆ ಮರಳುತ್ತಾರೆ. ಅವರು ದುಡಿದದ್ದು ಆ ದೇಶದ ಉತ್ಪನ್ನದಲ್ಲಿದೆ. ತಲೆ ಎಣಿಸುವಾಗ ಮಾತ್ರ ಅವರ ತಲೆ ಅಲ್ಲಿಲ್ಲ. ಈಗ ಹೇಳಿ, ಶ್ರೀಮಂತ ಯಾರು?” ಎಂದು ಕೇಳುತ್ತಿದ್ದರು. ಇಂಗ್ಲಿಷಿನಲ್ಲೇ ಕೇಳುತ್ತಿದ್ದದ್ದು. ಆದರೆ ಆ ಇಂಗ್ಲಿಷಿನ ಹಿಂದೆ ಎಲ್ಲೋ ಕಡಲ ಕಡೆಯ ಒಂದು ಎಳೆತವಿತ್ತು. ಮೊದಲ ದಿನವೇ ಅದು ನನ್ನ ಕಿವಿಗೆ ಬಿದ್ದಿತ್ತು.

ಮೆಲ್ಬರ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಅವರು ಅರ್ಥಶಾಸ್ತ್ರ ಕಲಿಸುತ್ತಿದ್ದರು. ಯುರೋಪಿನ ದೇಶಗಳ ರಾಷ್ಟ್ರೀಯ ಆದಾಯವನ್ನು ಒಂದಕ್ಕೊಂದು ಹೋಲಿಸಿ ನೋಡುವುದು ಅವರ ಇಡೀ ಜೀವಮಾನದ ಕೆಲಸ. ನಾನು ತಿಪಟೂರಿನವಳು. ಸ್ಟೂಡೆಂಟ್ ವೀಸಾದಲ್ಲಿ ಬಂದು ಎರಡು ವರ್ಷ ಅವರ ಕೈಯಲ್ಲಿ ಓದಿದೆ. ಹೋದ ತಿಂಗಳು ಅವರು ತೀರಿಕೊಂಡರು. ಸಿಡ್ನಿಯ ಟೂಂಗಾಬಿಯ ಇಗರ್ಜಿಯಲ್ಲಿ ಅವರ ಅಂತ್ಯಕ್ರಿಯೆ ಮುಗಿಸಿ ಮನೆಗೆ ಬಂದಾಗಿನಿಂದ ಅವರ ಬಗ್ಗೆ ಬರೆಯಬೇಕು ಎನ್ನಿಸುತ್ತಿದೆ. ಅವರ ಪಾಂಡಿತ್ಯದ ಬಗ್ಗೆ ಬರೆಯಲು ಬೇರೆಯವರಿದ್ದಾರೆ. ನಾನು ಕಂಡ ಮನುಷ್ಯನ ಬಗ್ಗೆ ನಾಲ್ಕು ಮಾತು ಬರೆದರೆ ನನಗೆ ಸಾಕು.

ಮೊದಲ ವಾರ ಪಾಠ ಮುಗಿದ ಮೇಲೆ ಏನೋ ಅನುಮಾನ ಕೇಳಲು ಅವರ ಹತ್ತಿರ ಹೋಗಿದ್ದೆ. ನನ್ನ ಇಂಗ್ಲಿಷನ್ನು ಅರ್ಧ ವಾಕ್ಯದವರೆಗೆ ಕೇಳಿಸಿಕೊಂಡು, “ಊರೆಲ್ಲಿ?” ಎಂದರು ಕನ್ನಡದಲ್ಲಿ.

“ತಿಪಟೂರು ಸರ್. ನಿಮ್ದು?”

“ಮಂಗಳೂರಿನ ಹತ್ತಿರ. ಮನೆಯಲ್ಲಿ ಕೊಂಕಣಿ. ಆದ್ರೆ ಕನ್ನಡ ಮೀಡಿಯಮ್ಮಿನಲ್ಲಿ ಕಲಿತವ ನಾನು. ಮಗ್ಗಿ ಇಂದಿಗೂ ಕನ್ನಡದಲ್ಲೇ ಹೇಳುವುದು. ನೀವು ಊಟ ಎಂತ ಮಾಡ್ತೀರಿ ಇಲ್ಲಿ?”

ನಾನು ಬ್ರೆಡ್ಡು, ಮೊಸರು, ಉಪ್ಪಿನಕಾಯಿ ಎಂದೆ. ಅವರು ಮುಖ ಕಿವುಚಿಕೊಂಡರು. ಮುಂದಿನ ಶನಿವಾರ ಅವರ ಮನೆಯಲ್ಲಿ ನೀರುದೋಸೆ. ಅವರ ಹೆಂಡತಿ, ನಾನು ಆಂಟಿ ಎನ್ನುತ್ತಿದ್ದ ಆ ತಾಯಿ, ನಾನು ಮೀನು ಮಾಂಸ ಮುಟ್ಟದವಳೆಂದು ತಿಳಿದು ಕಾವಲಿಯನ್ನು ನಿಂಬೆಹುಳಿ ಹಾಕಿ ಎರಡೆರಡು ಸಲ ತಿಕ್ಕಿದ್ದರು. ತೆಂಗಿನ ತುರಿಗೆ ಬೆಲ್ಲ ಕಲಸಿ ದೋಸೆಯ ಮೇಲೆ ಹಾಕಿಕೊಡುತ್ತಾ, “ಇವರಿಗೆ ಹೇಳಿ ಸಾಕಾಯ್ತು, ಮಕ್ಕಳಿಗೆ ಮೊದಲು ಊಟ ಕೊಡಿ, ಆಮೇಲೆ ಲೆಕ್ಕ ಕೊಡಿ ಅಂತ” ಎಂದರು. ಗಂಡಹೆಂಡಿರ ನಡುವೆ ಕೊಂಕಣಿ ಸರಸರ ಓಡುತ್ತಿತ್ತು. ಒಬ್ಬಳೇ ಮಗಳು ಆಗಲೇ ಸಿಡ್ನಿಯಲ್ಲಿ ಕೆಲಸಕ್ಕಿದ್ದಳು. ಅವಳ ಫೋನ್ ಬಂದರೆ ಇವರು ಕೊಂಕಣಿಯಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು. ಸರ್ ಫೋನ್ ಕೈಗೆ ತೆಗೆದುಕೊಂಡರೆ ಅವರೂ ಇಂಗ್ಲಿಷಿಗೇ ಹೊರಳುತ್ತಿದ್ದರು. “ಅವಳಿಗೆ ಅದೇ ಸುಲಭ” ಎನ್ನುತ್ತಿದ್ದರು.

ನನ್ನ ಪ್ರಬಂಧಕ್ಕೆ ಅವರೇ ಮಾರ್ಗದರ್ಶಕರು. ಯುರೋಪಿನ ದೇಶಗಳನ್ನು ಮೇಲಿನಿಂದ ಕೆಳಕ್ಕೆ ಸಾಲಾಗಿ ನಿಲ್ಲಿಸಿ ಒಂದು ಪಟ್ಟಿ ಮಾಡಿದರಾಯಿತು ಎಂದುಕೊಂಡಿದ್ದೆ. ಎಲ್ಲ ದೇಶದ ಹಣವನ್ನೂ ಆ ದಿನದ ವಿನಿಮಯ ದರದಲ್ಲಿ ಡಾಲರಿಗೆ ತಿರುಗಿಸಿ ತೆಗೆದುಕೊಂಡು ಹೋದೆ. ಅವರು ಕಿತ್ತಳೆ ಸುಲಿಯುತ್ತಿದ್ದರು. ಕಿತ್ತಳೆಯ ಸಿಪ್ಪೆಯನ್ನು ಹರಿಯದಂತೆ ಒಂದೇ ಸುರುಳಿಯಾಗಿ ತೆಗೆಯುವುದು ಅವರಿಗೊಂದು ಚಟ.

“ನಿಮ್ಮ ಮನೆಯಲ್ಲಿ ಸಣ್ಣವರಿದ್ದಾಗ ಗೋಡೆಗೆ ನಿಲ್ಲಿಸಿ ಎತ್ತರ ನೋಡ್ತಿದ್ರಾ?”

“ನೋಡ್ತಿದ್ರು ಸರ್. ನಾನೂ ನಮ್ಮಣ್ಣನೂ.”

“ಚಪ್ಪಲಿ ಹಾಕಿಕೊಂಡು ನಿಲ್ತಿದ್ರಾ?”

“ಇಲ್ಲ.”

“ಮತ್ತೆ ನಾರ್ವೆಯನ್ನು ಯಾಕೆ ಚಪ್ಪಲಿ ಸಮೇತ ನಿಲ್ಲಿಸಿದ್ದೀರಿ? ಅಲ್ಲಿ ತಲೆಕೂದಲು ಕತ್ತರಿಸಲಿಕ್ಕೆ ಕೊಡುವ ದುಡ್ಡಿನಲ್ಲಿ ಪೋರ್ಚುಗಲ್ಲಿನವ ಮದುವೆಗೇ ತಯಾರಾಗ್ತಾನೆ. ಮೊದಲು ಬೆಲೆಯ ಚಪ್ಪಲಿ ಬಿಚ್ಚಿಸಿ, ಮತ್ತೆ ಎತ್ತರ ನೋಡುವ.”

ಬೆಲೆಗಳನ್ನು ಸರಿದೂಗಿಸಿಕೊಂಡು ಮತ್ತೆ ಹೋದೆ. ಈ ಸಲ ಐರ್ಲೆಂಡ್ ತೀರಾ ಮೇಲೆ ಕೂತಿತ್ತು. ಅದನ್ನು ನೋಡಿ ಅವರು ನಕ್ಕರು. ಹೊರಗಿನ ಕಂಪನಿಗಳು ಅಲ್ಲಿ ಕಾರ್ಖಾನೆ ಹಾಕಿವೆ, ಲಾಭ ಹೊರಗೆ ಹೋಗುತ್ತದೆ ಎಂದು ವಿವರಿಸಿ, “ಹಂಡೆ ತುಂಬ ಹಾಲು ಉಂಟು. ದನ ಮಾತ್ರ ಬೇರೆಯವರದ್ದು” ಎಂದರು. ಒಂದು ದೇಶದೊಳಗೆ ಹುಟ್ಟಿದ್ದೆಷ್ಟು ಎಂದು ನೋಡಿದರೆ ಸಾಲದು. ಹೊರಗಿನವರ ಪಾಲಿಗೆ ಹೋದದ್ದನ್ನು ಕಳೆದು, ಹೊರಗಿನಿಂದ ತನ್ನವರಿಗೆ ಬಂದದ್ದನ್ನು ಕೂಡಿ, ಆಮೇಲೆ ವಲಸೆ ಹೋದವರು ಊರಿಗೆ ಕಳಿಸುವ ಹಣದಂತೆ ಕೊಡುಕೊಳ್ಳುವಿಕೆ ಇಲ್ಲದೆ ಸುಮ್ಮನೆ ಕಳಿಸಿದ್ದು, ಸುಮ್ಮನೆ ಬಂದದ್ದು ಎರಡನ್ನೂ ಲೆಕ್ಕಕ್ಕೆ ಹಿಡಿದರೆ ಉಳಿಯುವುದೇ ಆ ದೇಶ ತನ್ನಿಷ್ಟದಂತೆ ಖರ್ಚು ಮಾಡಬಹುದಾದ ಅಥವಾ ಉಳಿಸಬಹುದಾದ ಆದಾಯ, ಇಂಗ್ಲಿಷಿನಲ್ಲಿ ‘ನ್ಯಾಷನಲ್ ಡಿಸ್ಪೋಸಬಲ್ ಇನ್ಕಮ್’. ಅದನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಹೋಲಿಕೆಗೆ ಅರ್ಥವಿದೆ ಎನ್ನುವುದು ಅವರ ವಾದ. ಸುಮ್ಮನೆ ಕಳಿಸಿದ್ದು ಎಂಬ ಆ ಕೊನೆಯ ಅಂಕಣದ ಮೇಲೆ ಅವರಿಗೆ ವಿಪರೀತ ಪ್ರೀತಿ. ಉಳಿದ ಪ್ರೊಫೆಸರುಗಳು ಅದನ್ನು ಸಣ್ಣ ಮೊತ್ತ ಎಂದು ಅಡಿಟಿಪ್ಪಣಿಗೆ ತಳ್ಳುತ್ತಿದ್ದರು. ಇವರು ಅದೊಂದರ ಮೇಲೇ ಒಂದು ಇಡೀ ಟರ್ಮ್ ಪಾಠ ಮಾಡುತ್ತಿದ್ದರು.

ಓದು ಮುಗಿದು, ಇಲ್ಲೇ ಕಾಯಂ ನೆಲೆಸಲು ಪಿಆರ್ ಬಂದು, ನನಗೆ ಸಿಡ್ನಿಯಲ್ಲಿ ಕೆಲಸವಾಯಿತು. ಎಪ್ಪಿಂಗ್‌ನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಅಪಾರ್ಟ್‌ಮೆಂಟಿನ ರೆಂಟ್ ಹಂಚಿಕೊಂಡೆ. ಅದೇ ಹೊತ್ತಿಗೆ ಆಂಟಿ ತೀರಿಕೊಂಡರು. ಸರ್ ನಿವೃತ್ತರಾಗಿ, ಮೆಲ್ಬರ್ನಿನ ಮನೆ ಖಾಲಿ ಮಾಡಿ, ಟೂಂಗಾಬಿಯಲ್ಲಿದ್ದ ಮಗಳ ಮನೆಗೆ ಬಂದರು. ಅವಳು ವೆಸ್ಟ್‌ಮೀಡ್‌ನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ನನಗಿಂತ ಸ್ವಲ್ಪ ದೊಡ್ಡವಳು, ಕಡಿಮೆ ಮಾತಿನವಳು. ನಾನೂ ಸರ್ರೂ ಕನ್ನಡದಲ್ಲಿ ಹರಟುತ್ತಿದ್ದರೆ ಟೀ ಲೋಟ ಹಿಡಿದುಕೊಂಡು ಒಂದು ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಅವಳಿಗೆ ಕನ್ನಡ ಬಾರದು. ಕೊಂಕಣಿ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಆಂಟಿ ಹೋದ ಮೇಲೆ ಆ ಮನೆಯಲ್ಲಿ ಕೊಂಕಣಿಯೂ ನಿಂತಿತ್ತು. ಅಪ್ಪ ಮಗಳ ನಡುವೆ ಓಡಾಡುತ್ತಿದ್ದದ್ದು ಇಂಗ್ಲಿಷೊಂದೇ, ಅದೂ ಅಡುಗೆ, ಔಷಧ, ಬಸ್ಸಿನ ಸಮಯ ಇಷ್ಟರ ಮಟ್ಟಿಗೆ.

ಟೂಂಗಾಬಿಯ ಇಂಡಿಯನ್ ಅಂಗಡಿಯಲ್ಲಿ ಒಮ್ಮೆ ಅವರ ಜೊತೆ ತೆಂಗಿನಕಾಯಿ ಕೊಳ್ಳಲು ಹೋಗಿದ್ದೆ. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಕೆಳಗಿಟ್ಟರು. ಗುಜರಾತಿನ ಅಂಗಡಿಯಾಕೆ ಹಿಂದಿಯಲ್ಲಿ, “ಅಂಕಲ್, ಎಲ್ಲ ಒಂದೇ ಥರ ಇದೆ, ಯಾವುದಾದರೂ ತಗೊಳ್ಳಿ” ಎಂದಳು. “ಒಂದೇ ಥರ ಕಾಣುವವನ್ನೇ ಹೋಲಿಸಬೇಕಮ್ಮ. ಬೇರೆ ಥರ ಕಾಣುವವನ್ನು ಯಾರು ಬೇಕಾದರೂ ಹೋಲಿಸುತ್ತಾರೆ” ಎಂದು ಇವರು ತಮ್ಮ ಹರಕುಮುರುಕು ಹಿಂದಿಯಲ್ಲೇ ಪಾಠ ಶುರು ಮಾಡಿದರು. ಹಿಂದೆ ಕ್ಯೂನಲ್ಲಿದ್ದವರು ಪಕ್ಕದ ಕೌಂಟರಿಗೆ ಹೋದರು.

ಆ ವರ್ಷ ಅವರ ಹಳೆಯ ವಿಭಾಗದವರು ಮೆಲ್ಬರ್ನಿನಲ್ಲಿ ಒಂದು ಉಪನ್ಯಾಸ ಕೊಡಲು ಕರೆದಿದ್ದರು. ವಿಷಯ ಅವರದೇ, ಯುರೋಪಿನ ದೇಶಗಳ ಹೋಲಿಕೆ. ಬ್ಯಾಂಕುಗಳು ಬಿದ್ದು ಲೋಕವೆಲ್ಲ ಲೆಕ್ಕದ ಬಗ್ಗೆ ಮಾತಾಡುತ್ತಿದ್ದ ಕಾಲ ಅದು. ಅವರು ಹುರುಪಿನಿಂದ ತಯಾರಾಗುತ್ತಿದ್ದರು. ಉಪನ್ಯಾಸಕ್ಕೆ ಇನ್ನೂ ಕೆಲವು ತಿಂಗಳಿರುವಾಗ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಬಚ್ಚಲುಮನೆಯಲ್ಲಿ ಕುಸಿದರು. ಸ್ಟ್ರೋಕ್.

ಮಗಳು ನನಗೆ ಫೋನ್ ಮಾಡಿದ್ದು ವಾರ ಕಳೆದ ಮೇಲೆ. ಜೀವಕ್ಕೆ ಅಪಾಯವಿಲ್ಲ, ಬಲಗೈಗೆ ಸ್ವಲ್ಪ ಶಕ್ತಿ ಬರುತ್ತಿದೆ, ಆದರೆ ಮಾತು ಹೋಗಿದೆ ಎಂದಳು. ಹೇಳಿದ್ದು ಅರ್ಥವಾಗುತ್ತಿರುವಂತೆ ಕಾಣುತ್ತಿಲ್ಲ, ಮನೆಗೆ ಕರೆದುಕೊಂಡು ಹೋಗುವುದೋ ನರ್ಸಿಂಗ್ ಹೋಮಿಗೆ ಸೇರಿಸುವುದೋ ತೀರ್ಮಾನಿಸಬೇಕಾಗಿದೆ ಎಂದಳು. ಕೊನೆಗೆ, ಅಪ್ಪ ಒಮ್ಮೊಮ್ಮೆ ಏನೋ ಸದ್ದು ಮಾಡುತ್ತಾರೆ, ಅದು ಕೊಂಕಣಿಯಲ್ಲ, ನೀನು ಬಂದು ಒಮ್ಮೆ ಕೇಳುತ್ತೀಯಾ ಎಂದಳು.

ನಾನು ವಾರ್ಡಿಗೆ ಹೋದಾಗ ಮಾತಿನ ಚಿಕಿತ್ಸೆಯ ಹೆಂಗಸು ಅವರ ಎದುರು ಚಿತ್ರಗಳ ಕಾರ್ಡು ಹಿಡಿದು ಕೂತಿದ್ದಳು. ಗಡಿಯಾರದ ಚಿತ್ರ ತೋರಿಸಿ ಇದೇನು ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದಳು. ಸರ್ ಅವಳ ಬಾಯನ್ನೇ ನೋಡುತ್ತಿದ್ದರು. ನನ್ನನ್ನು ಕಂಡು ಎಡಗೈ ಎತ್ತಿದರು. ನಾನು ಪಕ್ಕದಲ್ಲಿ ಕೂತು, “ಸರ್, ಇದೇನು ಇದು?” ಎಂದು ಅದೇ ಕಾರ್ಡನ್ನು ಕನ್ನಡದಲ್ಲಿ ಕೇಳಿದೆ.

ಅವರು ಕಾರ್ಡಿನ ಕಡೆ ತಿರುಗಿದರು. “ಗ… ಗಡಿಯಾರ” ಎಂದರು.

ಮುಂದಿನ ಕಾರ್ಡಿಗೆ “ಬೀಗದ ಕೈ” ಬಂತು. ಅದರ ಮುಂದಿನದಕ್ಕೆ “ಕೊಡೆ”. ನಾಲಗೆ ತೊದಲುತ್ತಿತ್ತು, ಆದರೆ ಶಬ್ದದಲ್ಲಿ ಅನುಮಾನವಿರಲಿಲ್ಲ. ಬೆಕ್ಕಿನ ಚಿತ್ರ ಬಂದಾಗ ಅವರಿಗೆ ಸಿಟ್ಟು ಬಂತು. ನನ್ನ ಕಡೆ ತಿರುಗಿ, “ಇದೆಂತ… ಒಂದನೇ ಕ್ಲಾಸಾ?” ಎಂದರು.

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಆ ಹೆಂಗಸು ಜೋರಾಗಿ ನಕ್ಕು, ಕಾರ್ಡುಗಳನ್ನು ಮಡಿಸಿಟ್ಟು, ಅವರ ಕೈಹಿಡಿದು ಕ್ಷಮೆ ಕೇಳಿದಳು. ಆಮೇಲೆ ಮಗಳನ್ನೂ ನನ್ನನ್ನೂ ಹೊರಗೆ ಕರೆದು ವಿವರಿಸಿದಳು. ಹಲವು ಭಾಷೆ ಬಲ್ಲವರಿಗೆ ಹೀಗಾಗುವುದುಂಟು, ಎಲ್ಲ ಭಾಷೆಗಳೂ ಒಟ್ಟಿಗೆ ಮರಳುವುದಿಲ್ಲ. ನಿಮ್ಮ ತಂದೆಗೆ ಬುದ್ಧಿ ಸ್ಪಷ್ಟವಾಗಿದೆ. ಬರುತ್ತಿರುವುದು ಚಿಕ್ಕಂದಿನ ಶಾಲೆಯ ಭಾಷೆ. ಇಂಗ್ಲಿಷ್ ಬರಬಹುದು, ಬಾರದೆಯೂ ಇರಬಹುದು.

ಸಮಾಧಾನದ ಮಾತೇ ಅದು. ಆದರೆ ಮಗಳು ಕಾರಿಡಾರಿನ ಗೋಡೆಗೆ ತಲೆಯಾನಿಸಿ ಅಳತೊಡಗಿದಳು. ನಾನು ಹೆಗಲು ಹಿಡಿದೆ. “ನನಗೆ ಮಾತಾಡಲು ಬರುವುದು ಒಂದೇ ಭಾಷೆ. ಅವರು ಕಳೆದುಕೊಂಡದ್ದು ಅದನ್ನೇ” ಎಂದಳು ಇಂಗ್ಲಿಷಿನಲ್ಲಿ.

ನರ್ಸಿಂಗ್ ಹೋಮಿನ ಮಾತು ಅಲ್ಲಿಗೆ ನಿಂತಿತು. ಅವರು ಟೂಂಗಾಬಿಗೆ ಬಂದರು. ನಾನು ಶನಿವಾರ ಹೋಗುತ್ತಿದ್ದೆ, ಆಗದಿದ್ದರೆ ಭಾನುವಾರ. ಮೊದಮೊದಲು ಸಾಮಾನುಗಳ ಹೆಸರು, ಆಮೇಲೆ ಸಣ್ಣ ವಾಕ್ಯ, ಮಗ್ಗಿ. ಒಂದು ದಿನ ಅವರೇ ಐರ್ಲೆಂಡ್ ಎಂದರು. ಅಲ್ಲಿಂದ ಪಾಠ ಶುರುವಾಯಿತು. ನಾವಿಬ್ಬರೂ ಅರ್ಥಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿತವರು. ‘ನ್ಯಾಷನಲ್ ಡಿಸ್ಪೋಸಬಲ್ ಇನ್ಕಮ್’ ಎಂಬುದಕ್ಕೆ ಕನ್ನಡದಲ್ಲಿ ಏನನ್ನುತ್ತಾರೋ ನನಗೆ ಹೊಳೆಯಲಿಲ್ಲ. ಪಠ್ಯಪುಸ್ತಕದಲ್ಲಿ ವೆಚ್ಚಾರ್ಹ ಆದಾಯ ಎಂದೇನೋ ಇದ್ದಂತೆ ನೆನಪು. ಹೇಳಿದೆ. ಅವರು ತಲೆಯಾಡಿಸಿ ಬೇಡವೆಂದರು. ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ, “ಕೈಗುಳಿದದ್ದು” ಎಂದರು. “ಕೈಗುಳಿದ ಆದಾಯ.” ಮತ್ತೆ ಮತ್ತೆ ಹೇಳಿ ನೋಡಿದರು. ಆ ಹೊತ್ತಿನ ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮೆಲ್ಬರ್ನಿಗೆ ಹೋಗಲೇಬೇಕು ಎಂದು ಅವರು ಹಟ ಹಿಡಿದದ್ದು ಆಮೇಲೆ. ವಿಭಾಗದವರು ಉಪನ್ಯಾಸವನ್ನು ರದ್ದು ಮಾಡಿರಲಿಲ್ಲ, ನಿಮ್ಮ ಅನುಕೂಲ ನೋಡಿ ಹೇಳಿ ಎಂದಿದ್ದರು. ಸರ್ ಕನ್ನಡದಲ್ಲಿ ಮಾತಾಡುವುದು, ನಾನು ಇಂಗ್ಲಿಷಿನಲ್ಲಿ ಹೇಳುವುದು ಎಂದು ಅವರ ಯೋಜನೆ. ವೈದ್ಯರು ವಿಮಾನದಲ್ಲಿ ಹೋಗಬಹುದು ಎಂದರು. ಒಪ್ಪದವಳು ಮಗಳು.

“ಅಲ್ಲಿನವರೆಲ್ಲ ಅವರನ್ನು ಹರಿತ ಮಾತಿನ ಪ್ರೊಫೆಸರ್ ಎಂದು ನೆನಪಿಟ್ಟುಕೊಂಡಿದ್ದಾರೆ. ಹಾಗೇ ಇರಲಿ. ಈ ಸ್ಥಿತಿಯಲ್ಲಿ ತೊದಲುವುದನ್ನು ಯಾಕೆ ನೋಡಬೇಕು?” ಎಂದು ಅಡುಗೆಮನೆಯಲ್ಲಿ ನನ್ನ ಮೇಲೆ ರೇಗಿದಳು. “ನಿನಗೆ ನಿನ್ನ ಮೇಷ್ಟ್ರು ವಾಪಸ್ ಬೇಕು. ನನಗೆ ಅಪ್ಪ ನಗೆಪಾಟಲಾಗುವುದು ಬೇಡ.”

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಷ್ಟರಲ್ಲಿ ಸರ್ ಕೋಲೂರಿಕೊಂಡು ಬಾಗಿಲಿಗೆ ಬಂದರು. ನಮ್ಮ ಮಾತು ಎಷ್ಟು ತಿಳಿಯಿತೋ ಗೊತ್ತಿಲ್ಲ. ಮಗಳ ಮುಖ ನೋಡಿ, ತುಟಿ ಕೂಡಿಸಿ ಬಿಡಿಸಿ, ಬಹಳ ಕಷ್ಟಪಟ್ಟು “ಕಮ್” ಎಂದರು. ಸ್ಟ್ರೋಕ್ ಆದ ಮೇಲೆ ಅವರ ಬಾಯಿಂದ ಬಂದ ಮೊದಲ ಇಂಗ್ಲಿಷ್ ಶಬ್ದ ಅದು. ಮಗಳು ಸಿಂಕಿನ ಕಡೆ ತಿರುಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮರುದಿನ ಮೂವರಿಗೂ ಟಿಕೆಟ್ ಬುಕ್ ಮಾಡಿ ನನಗೆ ಮೆಸೇಜ್ ಕಳಿಸಿದಳು.

ಮೆಲ್ಬರ್ನಿನಲ್ಲಿ ಎಂದಿನಂತೆ ಗಾಳಿ, ಚಳಿ, ನಡುವೆ ಒಂದಿಷ್ಟು ಬಿಸಿಲು. ಸಭಾಂಗಣ ಮುಕ್ಕಾಲು ತುಂಬಿತ್ತು. ಹಳೆಯ ಸಹೋದ್ಯೋಗಿಗಳು, ನನ್ನ ಹಾಗೆ ಅವರಲ್ಲಿ ಓದಿದವರು, ಅವರನ್ನು ಕಂಡೇ ಇರದ ಹೊಸ ವಿದ್ಯಾರ್ಥಿಗಳು. ಮಗಳು ಎರಡನೇ ಸಾಲಿನ ತುದಿಯಲ್ಲಿ, ಬೇಕೆಂದಾಗ ಎದ್ದು ಬರುವಂತೆ ಕೂತಳು. ಸರ್ ವೇದಿಕೆಯ ಮೇಲೆ ಕುರ್ಚಿಯಲ್ಲಿ, ನಾನು ಪಕ್ಕದಲ್ಲಿ ನಿಂತು.

ಅವರು ಒಂದು ವಾಕ್ಯ ಹೇಳುವುದು, ನಾನು ಹೇಳುವುದು. ಶಬ್ದ ಸಿಗದೆ ಅವರು ನಿಂತಾಗ ಸಭೆಯೂ ನಿಂತು ಕಾಯುತ್ತಿತ್ತು. ಯಾರೂ ಕೆಮ್ಮಲಿಲ್ಲ, ಕೈಗಡಿಯಾರ ನೋಡಲಿಲ್ಲ. ಲಕ್ಸೆಂಬರ್ಗಿನ ರೈಲು ಬಂತು, ಐರ್ಲೆಂಡಿನ ಹಾಲಿನ ಹಂಡೆ ಬಂತು. ‘ಕೈಗುಳಿದ ಆದಾಯ’ ಎಂಬುದನ್ನು ನಾನು ಪಾರಿಭಾಷಿಕ ಶಬ್ದದಿಂದ ಅನುವಾದಿಸಿದಾಗ ಅವರು ಎಡಗೈ ಎತ್ತಿ ತಡೆದರು. ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದರು. ಕೈಯಲ್ಲಿ ಉಳಿದದ್ದು ಎಂದು ಹೇಳಿದೆ. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಪ್ರೊಫೆಸರೊಬ್ಬರು ಅದನ್ನು ಬರೆದುಕೊಂಡರು.

ಮಾತು ಮುಗಿದು ಪ್ರಶ್ನೆಗಳ ಹೊತ್ತು. ಹೊಸ ವಿದ್ಯಾರ್ಥಿನಿಯೊಬ್ಬಳು ಎದ್ದು, ವಲಸೆ ಹೋದವರು ಊರಿಗೆ ಕಳಿಸುವ ಹಣ ದೊಡ್ಡ ಆರ್ಥಿಕತೆಗಳಲ್ಲಿ ಬಹಳ ಸಣ್ಣದು, ಹೋಲಿಕೆಯಲ್ಲಿ ಅದನ್ನು ಕೈಬಿಟ್ಟರೂ ಪಟ್ಟಿ ಹೆಚ್ಚು ಬದಲಾಗುವುದಿಲ್ಲವಲ್ಲ, ನೀವು ಯಾಕೆ ಅದಕ್ಕೆ ಇಷ್ಟು ಒತ್ತು ಕೊಡುತ್ತೀರಿ ಎಂದು ಕೇಳಿದಳು. ವಿನಯದ ಪ್ರಶ್ನೆ. ನಾನು ಕನ್ನಡದಲ್ಲಿ ಹೇಳಿದೆ.

ಸರ್ ಉತ್ತರಿಸಲು ಶುರು ಮಾಡಿದರು. “ನನ್ನ ಅಕ್ಕ” ಎಂದರು. ಎರಡು ಶಬ್ದ ಕನ್ನಡದಲ್ಲಿ ಬಂತು. ಆಮೇಲೆ ನನಗೆ ಅರ್ಥವಾಗಲಿಲ್ಲ. ಅವರು ನಿಲ್ಲದೆ, ತೊದಲದೆ ಮಾತಾಡುತ್ತಿದ್ದರು. ಕೊಂಕಣಿ. ಆಂಟಿ ಹೋದ ಮೇಲೆ ಅವರ ಬಾಯಲ್ಲಿ ನಾನು ಅದನ್ನು ಕೇಳಿಯೇ ಇರಲಿಲ್ಲ. ಅವರಿಗೆ ಭಾಷೆ ಬದಲಾದದ್ದು ಗೊತ್ತಾದಂತಿರಲಿಲ್ಲ. ಒಂದು ಕಡೆ ನಿಲ್ಲಿಸಿ, ಇನ್ನು ನೀನು ಹೇಳು ಎಂಬಂತೆ ನನ್ನತ್ತ ನೋಡಿದರು. ಸಭೆಯೂ ನನ್ನನ್ನೇ ನೋಡಿತು.

“ಸರ್, ನಂಗೆ ಕೊಂಕಣಿ ಬರಲ್ಲ” ಎಂದೆ ಮೆಲ್ಲಗೆ.

ಎರಡನೇ ಸಾಲಿನ ತುದಿಯಲ್ಲಿ ಕುರ್ಚಿ ಸದ್ದಾಯಿತು. ಮಗಳು ಎದ್ದು ನಿಂತಿದ್ದಳು. “ನನಗೆ ತಿಳಿಯುತ್ತದೆ” ಎಂದು ಇಂಗ್ಲಿಷಿನಲ್ಲಿ ಹೇಳಿ, ವೇದಿಕೆಗೆ ಬರದೆ ನಿಂತಲ್ಲಿಂದಲೇ ಶುರು ಮಾಡಿದಳು.

“ತಮ್ಮ ಅಕ್ಕ ಕನ್ಯಾಸ್ತ್ರೀಯರ ಮೂಲಕ ನರ್ಸ್ ಕೆಲಸ ಕಲಿಯಲು ಜರ್ಮನಿಗೆ ಹೋದಳು ಎನ್ನುತ್ತಿದ್ದಾರೆ. ಆಗ ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲವಂತೆ. ಜರ್ಮನ್ ಬಾರದು, ಇಂಗ್ಲಿಷೂ ಬಾರದು. ಅವಳು ಕಳಿಸಿದ್ದರಲ್ಲಿ ಇವರು ಓದಿದರಂತೆ.”

ಸರ್ ಮಗಳ ಕಡೆ ತಿರುಗಿ ಕೂತರು. ಈಗ ಅವರು ಅವಳೊಬ್ಬಳಿಗೇ ಹೇಳುತ್ತಿದ್ದರು. ಅವಳು ಕೇಳಿಸಿಕೊಂಡು, ಸಭೆಗೆ ಹೇಳಿ, ಮತ್ತೆ ಅವರನ್ನು ನೋಡುತ್ತಿದ್ದಳು.

“ಕಾಲೇಜಿನಲ್ಲಿ ರಾಷ್ಟ್ರೀಯ ಆದಾಯದ ಪಾಠ ಮಾಡುವಾಗ ಈ ಅಂಕಣವನ್ನು ಮೇಷ್ಟ್ರು ಬಿಟ್ಟು ಮುಂದೆ ಹೋದರಂತೆ. ಇವರು ಎದ್ದು ನಿಂತು ಕೇಳಿದರಂತೆ. ಮೇಷ್ಟ್ರು ಸಣ್ಣದು, ಬಿಡು ಎಂದರಂತೆ. ಜರ್ಮನಿಯ ಲೆಕ್ಕದಲ್ಲಿ ಅಕ್ಕ ಕಳೆಯುವ ಸಾಲಿನಲ್ಲಿದ್ದಾಳೆ, ನಮ್ಮ ಲೆಕ್ಕದಲ್ಲಿ ಕೂಡುವ ಸಾಲಿನಲ್ಲಿದ್ದಾಳೆ. ಆ ಸಾಲನ್ನೇ ತೆಗೆದುಹಾಕಿದರೆ ಅವಳು…” ಅಲ್ಲಿ ಅವಳು ನಿಂತಳು. ಸೋದರತ್ತೆಯೊಬ್ಬಳಿದ್ದಳು, ಜರ್ಮನಿಯಲ್ಲೇ ಚಿಕ್ಕ ವಯಸ್ಸಿಗೆ ತೀರಿಕೊಂಡಳು ಎನ್ನುವುದಷ್ಟೇ ಅವಳಿಗೆ ತಿಳಿದಿದ್ದದ್ದು ಎಂದು ಆಮೇಲೆ ನನಗೆ ಹೇಳಿದಳು. ಸರ್ ಅವಸರ ಮಾಡಲಿಲ್ಲ. ಅವಳಿಗಾಗಿ ಕಾದರು.

“ಅವಳು ಎರಡೂ ದೇಶದಲ್ಲಿ ಇರಲೇ ಇಲ್ಲ ಎಂದಾಗುತ್ತದೆ” ಎಂದು ಅವಳು ವಾಕ್ಯ ಮುಗಿಸಿದಳು.

ಪ್ರಶ್ನೆ ಕೇಳಿದ ಹುಡುಗಿ ಥ್ಯಾಂಕ್ ಯೂ ಎಂದು ಕೂತಳು. ಸರ್ ಅವಳಿಗೆ, “ದೇವ್ ಬರೆಂ ಕರುಂ” ಎಂದರು. ಅದು ಅವರ ಮನೆಯಲ್ಲಿ ಕೃತಜ್ಞತೆ ಹೇಳುವ ರೀತಿ, ದೇವರು ಒಳ್ಳೆಯದು ಮಾಡಲಿ ಎಂದು. ಅದನ್ನೂ ಮಗಳೇ ಅನುವಾದಿಸಿದಳು.

ಅದಾದ ಮೇಲೆ ಅವರು ವರ್ಷಕ್ಕೂ ಮೇಲೆ ಬದುಕಿದ್ದರು. ಇಂಗ್ಲಿಷ್ ಅಲ್ಲಲ್ಲಿ ಬಂತು, ಪೂರ್ತಿ ಬರಲಿಲ್ಲ. ಟೂಂಗಾಬಿಯ ಆ ಮನೆಯಲ್ಲಿ ಮತ್ತೆ ಕೊಂಕಣಿ ಕೇಳಿಸತೊಡಗಿತು, ಒಂದು ದನಿ ಸರಾಗ, ಇನ್ನೊಂದು ತಡವರಿಸುವ ದನಿ. ಮೊದಲಿನಂತೆ ನಾನು ಪ್ರತಿ ವಾರ ಹೋಗಬೇಕಾದ ಅಗತ್ಯ ಉಳಿಯಲಿಲ್ಲ. ಹೋದಾಗ ಮಾತ್ರ ಸರ್ ಕನ್ನಡದ ಪಾಠ ತೆಗೆಯುತ್ತಿದ್ದರು.

ಆದರೆ ಅವರನ್ನು ನೆನೆದರೆ ನನಗೆ ಕಾಣುವುದು ಆ ಸಭೆ ಮುಗಿದ ಮೇಲಿನ ಹೊತ್ತು. ಜನ ಎದ್ದು ವೇದಿಕೆಯ ಸುತ್ತ ಸೇರಿದರು. ಸರ್ ಕುರ್ಚಿಯಲ್ಲಿ, ಮಗಳು ಅವರ ಪಕ್ಕದಲ್ಲಿ ಮೊಣಕಾಲೂರಿ. ಬಂದವರೆಲ್ಲ ಅವಳ ಹತ್ತಿರ ಪ್ರಶ್ನೆ ಹೇಳುತ್ತಿದ್ದರು. ಅವಳು ತನ್ನ ಮುರುಕು ಕೊಂಕಣಿಯಲ್ಲಿ ಅಪ್ಪನ ಕಿವಿಗೆ ಅದನ್ನು ಒಯ್ಯುತ್ತಿದ್ದಳು. ತಪ್ಪಾದರೆ ಅವರು ತಿದ್ದುತ್ತಿದ್ದರು. ಅವಳು ಮತ್ತೆ ಹೇಳುತ್ತಿದ್ದಳು. ನಾನು ಸ್ವಲ್ಪ ಹೊತ್ತು ಪಕ್ಕದಲ್ಲೇ ನಿಂತಿದ್ದೆ. ಯಾರಿಗೂ ನನ್ನಿಂದ ಏನೂ ಬೇಕಾಗಿರಲಿಲ್ಲ. ಟೀ ಇಟ್ಟಿದ್ದ ಮೇಜಿನ ಹತ್ತಿರ ಹೋಗಿ ಕಪ್ಪು ತೆಗೆದುಕೊಂಡೆ. ಸರ್‌ಗೆ ಎಷ್ಟು ಸಕ್ಕರೆ ಎಂದು ಅಲ್ಲಿಂದಲೇ ಮಗಳನ್ನು ಕೇಳಿದೆ.